ಕಿಟ್ಟದ ದಿಬ್ಬಗಳು: ಪಶ್ಚಿಮ ತಾಲ್ಲೂಕುಗಳಲ್ಲಿ ಪ್ರಾಚೀನ ಕಬ್ಬಿಣದ ಕೆಲಸದ ಕುರುಹು

ಕಬ್ಬಿಣವೆಂಬ ಮಾತಿನ ಹಳೆಯ ರೂಪ ‘ಕರ್ಬೊನ್’ ಅಥವಾ ‘ಕರ್ಬುನ’. ‘ಕರ್’ ಎಂದರೆ ಕಪ್ಪು. ‘ಪೊನ್’ ಎಂದರೆ ಹೊನ್ನು, ಲೋಹ. ಕಪ್ಪು ಹೊನ್ನೆಂದು ಹೆಸರಿಟ್ಟ ಜನ ಆ ಲೋಹಕ್ಕೆ ಎಷ್ಟು ಬೆಲೆ ಕಟ್ಟಿದ್ದರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅದಿರು, ಇದ್ದಿಲು, ತಿದಿ, ಕುಲುಮೆ, ಮೂಸೆ, ಉಕ್ಕು, ಕಿಟ್ಟ ಎಂಬ ಮಾತುಗಳೆಲ್ಲ ಪಂಡಿತರ ಗ್ರಂಥಗಳಲ್ಲಿ ಮಾತ್ರವಲ್ಲ, ಹಳ್ಳಿಯವರ ಬಾಯಲ್ಲಿಯೂ ಬಾಳಿದವು. ಇವುಗಳಲ್ಲಿ ಉಕ್ಕೆಂಬ ಮಾತು ಕಡಲು ದಾಟಿ ‘ವೂಟ್ಜ್’ ಎಂಬ ವಿಕೃತ ರೂಪವನ್ನು ತಾಳಿ, 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಓದಲಾದ ಜಾರ್ಜ್ ಪಿಯರ್ಸನ್ನನ ಪ್ರಬಂಧದ ತಲೆಬರಹದಲ್ಲಿ ಕಾಣಿಸಿಕೊಂಡಿತು. ಉಕ್ಕಿನ ಈ ಕೀರ್ತಿಯನ್ನು ಕುರಿತು ಬರೆದವರು ಅನೇಕರಿದ್ದಾರೆ. ಇಲ್ಲಿ ಪ್ರಸ್ತಾಪಿಸಬೇಕಾದುದು ಆ ಪಟ್ಟಿಯ ಕೊನೆಯ ಮಾತಾದ ಕಿಟ್ಟವನ್ನು. ಎಂದರೆ, ಅದಿರಿನಿಂದ ಕಬ್ಬಿಣವನ್ನು ಬೇರ್ಪಡಿಸಿದ ಮೇಲೆ ಕುಲುಮೆಯ ಬಾಯಿಂದ ಹರಿದು ಹೆಪ್ಪುಗಟ್ಟಿದ ಕಸವನ್ನು.

ಕಸಕ್ಕೆ ಇಷ್ಟು ಪ್ರಾಧಾನ್ಯವೇಕೆಂದು ಯಾರಾದರೂ ಕೇಳಬಹುದು. ಕಾರಣ ಸರಳವಾಗಿದೆ. ಕಬ್ಬಿಣವು ಉಳಿಯುವ ವಸ್ತುವಲ್ಲ. ಸವೆದ ಕುಳವನ್ನು ಕಮ್ಮಾರನು ಮತ್ತೆ ಕಾಯಿಸಿ ಕುಡುಗೋಲು ಮಾಡುತ್ತಾನೆ. ಕುಡುಗೋಲು ಸವೆದರೆ ಮೊಳೆಯಾಗುತ್ತದೆ. ಮೊಳೆಯು ಮಣ್ಣಿಗೆ ಬಿದ್ದರೆ ತುಕ್ಕು ತಿಂದು ಕೆಂಪು ಕಲೆಯಾಗಿ ಮಾಯವಾಗುತ್ತದೆ. ಕಿಟ್ಟವನ್ನಾದರೋ ಯಾರೂ ಬಳಸಲಿಲ್ಲ, ಕದಿಯಲಿಲ್ಲ, ಕರಗಿಸಲಿಲ್ಲ. ಬಿಸಾಡಿದಲ್ಲಿಯೇ ಅದು ಸಾವಿರಾರು ವರ್ಷ ಬಿದ್ದುಕೊಂಡಿರುತ್ತದೆ. ಆದುದರಿಂದ ಒಂದು ಪ್ರದೇಶದಲ್ಲಿ ಹಿಂದೆ ಕಬ್ಬಿಣವನ್ನು ತೆಗೆಯುತ್ತಿದ್ದರೇ, ಎಲ್ಲಿ, ಹೇಗೆ ತೆಗೆಯುತ್ತಿದ್ದರು ಎಂಬುದನ್ನು ತಿಳಿಯಲು ಪುರಾತತ್ತ್ವಜ್ಞರು ಮೊದಲು ಹುಡುಕುವುದು ಕತ್ತಿ ಈಟಿಗಳನ್ನಲ್ಲ, ಈ ಕಪ್ಪು ಗಡ್ಡೆಗಳನ್ನು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿಗಳ ಸೀಮೆಯು ಬಹುಕಾಲ ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳೆಂದು ಹೆಸರಾಗಿತ್ತು. ಹರಪನಹಳ್ಳಿಯು ನಡುವೆ ಕೆಲಕಾಲ ದಾವಣಗೆರೆ ಜಿಲ್ಲೆಯಲ್ಲಿದ್ದು ಮರಳಿತು. 2021ರಿಂದ ಈ ಐದೂ ಹೊಸಪೇಟೆಯೊಡನೆ ಕೂಡಿ ವಿಜಯನಗರ ಜಿಲ್ಲೆಯಾಗಿವೆ. ಆಡಳಿತದ ಗೆರೆಗಳು ಹೀಗೆ ಸರಿದಾಡಿದರೂ ನೆಲದೊಳಗಿನ ಗೆರೆಗಳು ಬದಲಾಗುವುದಿಲ್ಲ. ಈ ಸೀಮೆಯ ಬಹುಭಾಗ ಬೆಣಚು ಕಲ್ಲಿನ ಬಯಲು. ಅದರ ಎರಡು ಮಗ್ಗುಲಲ್ಲಿ ಕಬ್ಬಿಣದ ಅದಿರುಳ್ಳ ಪುರಾತನ ಶಿಲೆಗಳ ಎರಡು ಪಟ್ಟಿಗಳಿವೆ. ಪೂರ್ವದ ಪಟ್ಟಿಯೇ ಸಂಡೂರಿನ ಬೆಟ್ಟಸಾಲು. ಪಶ್ಚಿಮದ ಪಟ್ಟಿಯು ಗದಗಿನ ಕಪ್ಪತಗುಡ್ಡದ ಕಡೆಯಿಂದ ಬಂದು ತುಂಗಭದ್ರೆಯನ್ನು ದಾಟಿ, ಹಡಗಲಿ ಹರಪನಹಳ್ಳಿಗಳ ಮೂಲಕ ದಕ್ಷಿಣಕ್ಕೆ ಚಿಕ್ಕನಾಯಕನಹಳ್ಳಿಯತ್ತ ಹೋಗುತ್ತದೆ. ಈ ಶಿಲೆಗಳಿಗೆ ಧಾರವಾಡದ ಹೆಸರನ್ನಿಟ್ಟು ಅವುಗಳ ಹರವನ್ನು ಗುರುತಿಸಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್. ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಅವನ ಬೃಹದ್ಗ್ರಂಥವು 1895ರಲ್ಲಿ ಪ್ರಕಟವಾಯಿತು. ಕಲ್ಲನ್ನು ನೋಡಲು ಬಂದ ಈತ ದಾರಿಯಲ್ಲಿ ಕಂಡ ಶಿಲಾಯುಗದ ಕೊಡಲಿಗಳನ್ನೂ ಮಡಕೆಯ ಚೂರುಗಳನ್ನೂ ಆರಿಸಿಕೊಂಡು ಹೋದುದರಿಂದ ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೂ ಇವನೇ ಮೊದಲಿಗನಾದನು.

ಕಬ್ಬಿಣ ತೆಗೆಯುವವನಿಗೆ ಅದಿರೊಂದೇ ಸಾಲದು. ಕುಲುಮೆಗೆ ಬೆಂಕಿಯನ್ನು ತಾಳುವ ಜೇಡಿಮಣ್ಣು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಇದ್ದಿಲು ಬೇಕು. ಸಂಡೂರಿನ ಗಟ್ಟಿ ಅದಿರು ಒಳ್ಳೆಯದಾದರೆ ತೂಕದಲ್ಲಿ ನೂರಕ್ಕೆ ಅರವತ್ತು ಪಾಲಿಗೂ ಮೇಲ್ಪಟ್ಟು ಕಬ್ಬಿಣವನ್ನು ಹೊಂದಿರುತ್ತದೆ. ಅಪ್ಪಟ ಕೆಂಪು ಅದಿರಿನಲ್ಲಿ ಈ ಪ್ರಮಾಣ ನೂರಕ್ಕೆ 70. ಬೆಟ್ಟ ಹತ್ತಲಾಗದ ಕಡೆಯವರಿಗೆ ಹಳ್ಳಕೊಳ್ಳಗಳೇ ಗಣಿಯಾಗಿದ್ದವು. ಮಳೆಗಾಲದ ನೀರು ಇಳಿದ ಮೇಲೆ ಹಳ್ಳದ ದಂಡೆಯಲ್ಲಿ ಬಿಳಿಯ ಮರಳಿನ ನಡುವೆ ಕಪ್ಪು ಮರಳಿನ ಗೆರೆಗಳು ಬಿದ್ದಿರುವುದನ್ನು ಯಾವ ಹುಡುಗನೂ ನೋಡಿರಬಹುದು. ಶಾಲೆಯ ಅಯಸ್ಕಾಂತವನ್ನು ಅದರಲ್ಲಿ ಆಡಿಸಿದರೆ ಮೀಸೆಯಂತೆ ಅಂಟಿಕೊಳ್ಳುವ ಕಣಗಳೇ ಕಬ್ಬಿಣದ ಅದಿರು. ಈ ಮರಳನ್ನು ಮರದ ಮರಿಗೆಯಲ್ಲಿ ತೊಳೆದು ಹಗುರವಾದುದನ್ನು ಚೆಲ್ಲಿ ಭಾರವಾದುದನ್ನು ಉಳಿಸಿಕೊಳ್ಳುತ್ತಿದ್ದರು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಮಾಗಡಿಗಳ ಕಡೆ ಹೀಗೆ ಕಪ್ಪು ಮರಳಿನಿಂದ ಕಬ್ಬಿಣವನ್ನು ತೆಗೆಯುತ್ತಿದ್ದುದನ್ನು ಕಣ್ಣಾರೆ ಕಂಡು ವಿವರವಾಗಿ ಬರೆದಿಟ್ಟಿದ್ದಾನೆ.

ಇನ್ನು ಕುಲುಮೆಯ ಕೆಲಸ. ಆಳೆತ್ತರವನ್ನು ಮೀರದ, ಮಣ್ಣಿನ ಗೋಡೆಯ ಒಂದು ಒಲೆ. ಮೇಲೆ ಬಾಯಿ, ಬುಡದಲ್ಲಿ ಒಂದೆರಡು ಕಂಡಿಗಳು. ಆ ಕಂಡಿಯೊಳಕ್ಕೆ ಜೇಡಿಮಣ್ಣಿನ ಕೊಳವೆಯನ್ನು ತೂರಿಸಿ ಅದರ ಹಿಂದೆ ತೊಗಲಿನ ಎರಡು ತಿದಿಗಳನ್ನು ಹೂಡುತ್ತಿದ್ದರು. ಒಂದು ಏಳುವಾಗ ಇನ್ನೊಂದು ಕೆಳಗೆ ಒತ್ತುತ್ತಿದ್ದುದರಿಂದ ಗಾಳಿಯ ಧಾರೆ ಕಡಿಯುತ್ತಿರಲಿಲ್ಲ. ಮೇಲಿನ ಬಾಯಿಂದ ಒಂದು ಪದರ ಇದ್ದಿಲು, ಒಂದು ಪದರ ಪುಡಿಮಾಡಿದ ಅದಿರು ಎಂಬಂತೆ ಗಂಟೆಗಟ್ಟಲೆ ಹಾಕುತ್ತಿರಬೇಕು. ಒಳಗೆ ನಡೆಯುವ ಕ್ರಿಯೆಯನ್ನು ವಿಜ್ಞಾನದ ವಿದ್ಯಾರ್ಥಿಗಳು ಸಮೀಕರಣದ ರೂಪದಲ್ಲಿ ಬಲ್ಲರು. ಉರಿಯುವ ಇದ್ದಿಲಿನಿಂದ ಹುಟ್ಟಿದ ಇಂಗಾಲದ ಮಾನಾಕ್ಸೈಡು ಅದಿರಿನಲ್ಲಿರುವ ಆಮ್ಲಜನಕವನ್ನು ಸೆಳೆದುಕೊಂಡು ಹೋಗುತ್ತದೆ, ಕಬ್ಬಿಣ ಉಳಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಅಪ್ಪಟ ಕಬ್ಬಿಣವು ಕರಗಲು 1538 ಸೆಂಟಿಗ್ರೇಡ್ ಉಷ್ಣ ಬೇಕು. ತೊಗಲಿನ ತಿದಿಯ ಗಾಳಿಯಿಂದ ಈ ಕುಲುಮೆಗಳಲ್ಲಿ ಒದಗುತ್ತಿದ್ದುದು ಸುಮಾರು 1200. ಆದುದರಿಂದ ಹಳ್ಳಿಯ ಕುಲುಮೆಯಲ್ಲಿ ಕಬ್ಬಿಣವು ನೀರಾಗಿ ಹರಿಯುತ್ತಿರಲಿಲ್ಲ. ಕರಗಿ ಹರಿಯುತ್ತಿದ್ದುದು ಕಬ್ಬಿಣವಲ್ಲ, ಕಿಟ್ಟ! ಅದಿರಿನಲ್ಲಿದ್ದ ಮರಳು ಸ್ವಲ್ಪ ಕಬ್ಬಿಣದ ಆಕ್ಸೈಡಿನೊಡನೆ ಕೂಡಿ ಕಡಮೆ ಉಷ್ಣದಲ್ಲಿಯೇ ದ್ರವವಾಗಿ ಬುಡದ ಕಂಡಿಯಿಂದ ಹೊರಬೀಳುತ್ತಿತ್ತು. ಕಬ್ಬಿಣವು ಒಳಗೆ ಮೆತ್ತಗಾಗಿ, ಜೇನುಹುಟ್ಟಿನಂತೆ ತೂತುತೂತಾದ ಉಂಡೆಯಾಗಿ ಕೂಡುತ್ತಿತ್ತು. ಆ ಉಂಡೆಯನ್ನು ಇಕ್ಕುಳದಿಂದ ಎಳೆದು, ಕೆಂಪಗಿರುವಾಗಲೇ ಚಮ್ಮಟಿಗೆಯಿಂದ ಬಡಿದು ಬಡಿದು ಒಳಗಿದ್ದ ಕಿಟ್ಟವನ್ನು ಹಿಂಡಿ ತೆಗೆದರೆ ಮಾತ್ರ ಅದು ಕುಳಕ್ಕೂ ಹಳಿಗೂ ಒದಗುವ ಕಬ್ಬಿಣ. ಈ ವಿಧಾನದಲ್ಲಿ ನಷ್ಟ ಬಹಳ. ಕಿಟ್ಟದ ತೂಕದಲ್ಲಿ ಅರ್ಧದಷ್ಟು ಕಬ್ಬಿಣದ ಆಕ್ಸೈಡೇ ಉಳಿದಿರುವುದು ಸಾಮಾನ್ಯ. ಇದನ್ನು ನೋಡಿ ಹಿಂದಿನವರು ಅಜ್ಞಾನದಿಂದ ಪೋಲು ಮಾಡಿದರೆಂದು ಬಗೆಯಬಾರದು. ಕಬ್ಬಿಣವನ್ನು ಕರಗಿಸದೆಯೇ ಕಿಟ್ಟವನ್ನು ಮಾತ್ರ ಕರಗಿಸಿ ತೆಗೆಯುವುದು ಈ ಉಪಾಯದ ಗುಟ್ಟು. ಹಾಗೆ ಬಿಟ್ಟುಕೊಟ್ಟ ಆಕ್ಸೈಡು ಆ ಉಪಾಯಕ್ಕೆ ತೆತ್ತ ಬೆಲೆ.

ಇದಿಷ್ಟು ತಿಳಿದ ಮೇಲೆ ಹೊಲದಲ್ಲಿ ಬಿದ್ದ ಗಡ್ಡೆಯನ್ನು ಓದುವುದು ಕಷ್ಟವಲ್ಲ. ಹರಿದು ಬಂದ ಕಿಟ್ಟದ ಮೇಲ್ಮೈಯಲ್ಲಿ ಹಗ್ಗ ಸುತ್ತಿಟ್ಟಂತೆ, ಅಥವಾ ತಣಿದ ಬೆಲ್ಲದ ಪಾಕದಂತೆ, ಮಡಿಕೆ ಮಡಿಕೆಯಾದ ಗುರುತು ಇರುತ್ತದೆ. ಬಣ್ಣ ಕಪ್ಪು ಅಥವಾ ಬೂದುಗಪ್ಪು. ಮುರಿದರೆ ಒಳಗೆ ಗಾಜಿನ ಹೊಳಪು, ಸಣ್ಣ ಗುಳ್ಳೆಗಳ ತೂತು. ಅದೇ ಗಾತ್ರದ ಬೆಣಚು ಕಲ್ಲಿಗಿಂತ ಕೈಯಲ್ಲಿ ಸ್ಪಷ್ಟವಾಗಿ ಭಾರವೆನಿಸುತ್ತದೆ. ಹರಿಯದೆ ಕುಲುಮೆಯ ತಳದಲ್ಲಿಯೇ ಹೆಪ್ಪುಗಟ್ಟಿದ ಕಿಟ್ಟವು ಬೋಗುಣಿಯ ಆಕಾರವನ್ನು ತಾಳಿರುತ್ತದೆ. ಅದರ ಹೊಟ್ಟೆಗೆ ಇದ್ದಿಲಿನ ಚೂರುಗಳು ಕಚ್ಚಿಕೊಂಡಿರುವುದುಂಟು. ಇದರೊಡನೆ ಒಂದು ಕಡೆ ಕೆಂಪಗೆ ಸುಟ್ಟು ಇನ್ನೊಂದು ಕಡೆ ಕರಗಿ ಹಸಿರುಗಪ್ಪಾದ ಮಣ್ಣಿನ ಚೂರುಗಳಿದ್ದರೆ ಅವು ಕುಲುಮೆಯ ಗೋಡೆಯವು. ಹೆಬ್ಬೆರಳು ಹೋಗುವಷ್ಟು ತೂತುಳ್ಳ ಮಣ್ಣಿನ ಕೊಳವೆಯ ತುಂಡು, ಅದರ ತುದಿ ಮಾತ್ರ ಗಾಜಾಗಿದ್ದರೆ, ಅದು ತಿದಿಯ ಕೊಳವೆ. ಈ ಮೂರೂ ಒಂದೇ ಕಡೆ ಸಿಕ್ಕಿದ ಜಾಗವು ಅದಿರು ಕರಗಿಸಿದ ಜಾಗವೆಂದು ಧೈರ್ಯವಾಗಿ ಹೇಳಬಹುದು.

ಅದಿರು ಕರಗಿಸಿದ ಜಾಗ ಬೇರೆ, ಕಮ್ಮಾರನು ಕಬ್ಬಿಣವನ್ನು ಕಾಯಿಸಿ ಬಡಿದ ಜಾಗ ಬೇರೆ. ಎರಡನೆಯದು ಎಲ್ಲ ಹಳೆಯ ಊರುಗಳಲ್ಲಿಯೂ ಇರುತ್ತದೆ. ಅಲ್ಲಿ ಕಿಟ್ಟವು ಅಂಗೈಯಗಲದ ಸಣ್ಣ ಗಡ್ಡೆಗಳಾಗಿ, ಕಡಮೆ ಪ್ರಮಾಣದಲ್ಲಿ ದೊರೆಯುತ್ತದೆ. ಅಲ್ಲಿಯ ಮಣ್ಣಿನಲ್ಲಿ ಅಯಸ್ಕಾಂತವನ್ನು ಎಳೆದಾಡಿದರೆ ಮೀನಿನ ಹುರುಪೆಯಂತಹ ತೆಳ್ಳನೆಯ ಕಪ್ಪು ಚಕ್ಕೆಗಳು ಅಂಟಿಕೊಳ್ಳುತ್ತವೆ. ಇವು ಚಮ್ಮಟಿಗೆಯ ಪೆಟ್ಟಿಗೆ ಕಾದ ಕಬ್ಬಿಣದಿಂದ ಸಿಡಿದ ಚಕ್ಕೆಗಳು. ಕಣ್ಣಿಗೆ ಬೀಳದಷ್ಟು ಚಿಕ್ಕವಾದುದರಿಂದ ಇವನ್ನು ಯಾರೂ ಗುಡಿಸಿ ಬೇರೆಡೆಗೆ ಸಾಗಿಸುವುದಿಲ್ಲ. ದೊಡ್ಡ ಗಡ್ಡೆಯು ಊರಾಚೆಯ ತಿಪ್ಪೆಗೆ ಹೋದರೂ ಚಕ್ಕೆಯು ಅಡಿಗಲ್ಲಿನ ಬುಡದಲ್ಲಿಯೇ ಉಳಿಯುತ್ತದೆ. ಕಮ್ಮಾರನು ಕುಳಿತ ಸ್ಥಳವನ್ನು ಮೊಳದ ಅಂತರದಲ್ಲಿ ಗುರುತಿಸಲು ಪುರಾತತ್ತ್ವಜ್ಞರಿಗೆ ಇದಕ್ಕಿಂತ ನಂಬಿಕೆಯ ಸಾಕ್ಷಿ ಇನ್ನೊಂದಿಲ್ಲ.

ಕಿಟ್ಟವೆಂದು ಭ್ರಮೆ ಹುಟ್ಟಿಸುವ ವಸ್ತುಗಳೂ ಈ ಸೀಮೆಯ ಸುತ್ತ ಇವೆ. ಅವುಗಳಲ್ಲಿ ಮುಖ್ಯವಾದದ್ದು ಕುಡತಿನಿ, ಕುಪ್ಪಗಲ್ಲುಗಳ ಬೂದಿದಿಬ್ಬಗಳಲ್ಲಿ ದೊರೆಯುವ ಕರಗಿದ ಬೂದಿ. ಗುಳ್ಳೆಗುಳ್ಳೆಯಾದ ಅದರ ರೂಪವನ್ನು ನೋಡಿ, ಆ ದಿಬ್ಬಗಳು ಕಬ್ಬಿಣ ಕರಗಿಸಿದ ಅವಶೇಷಗಳೆಂದೇ ಕೆಲವು ವಿದ್ವಾಂಸರು ಹಿಂದೆ ಭಾವಿಸಿದ್ದುಂಟು. ಜನಪದರಾದರೋ ಅವನ್ನು ರಾಕ್ಷಸರನ್ನು ಸುಟ್ಟ ಬೂದಿಯೆಂದರು. ಅವು ನೂತನ ಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಕೂಡಿದ ಸಗಣಿಯು ಮತ್ತೆ ಮತ್ತೆ ಉರಿದು ಆದ ದಿಬ್ಬಗಳೆಂಬುದನ್ನು ಎಫ್. ಆರ್. ಆಲ್ಚಿನ್ನರ 1963ರ ಗ್ರಂಥವು ಸ್ಥಿರಪಡಿಸಿತು. ಕಬ್ಬಿಣದ ಕಾಲಕ್ಕಿಂತ ಬಹಳ ಹಿಂದಿನ ಬೂದಿಯದು. ಕೈಯಲ್ಲಿ ಹಿಡಿದರೆ ಅದು ಹಗುರ, ಕಿಟ್ಟ ಭಾರ. ವಿದ್ವಾಂಸರ ವಾದವಿವಾದಕ್ಕೆ ಮುಂಚೆ ಒಂದು ತಕ್ಕಡಿಯನ್ನು ತಂದಿದ್ದರೆ ಎಷ್ಟೋ ಪುಟಗಳು ಉಳಿಯುತ್ತಿದ್ದವು.

ಕಿಟ್ಟವನ್ನು ಯಾರೂ ಬಳಸಲಿಲ್ಲವೆಂದು ಮೇಲೆ ಹೇಳಿದುದಕ್ಕೆ ಒಂದು ಅಪವಾದವಿದೆ. ಆಯುರ್ವೇದದಲ್ಲಿ ಇದಕ್ಕೆ ‘ಮಂಡೂರ’ವೆಂದು ಹೆಸರು. ಇದನ್ನು ಕಾಯಿಸಿ, ಶೋಧಿಸಿ ಮಾಡಿದ ಭಸ್ಮವು ಪಾಂಡುರೋಗಕ್ಕೆ, ಎಂದರೆ ರಕ್ತಹೀನತೆಗೆ, ಔಷಧ. ನೂರು ವರ್ಷ ಹಳೆಯ ಕಿಟ್ಟ ಉತ್ತಮ, ಎಂಬತ್ತು ವರ್ಷದ್ದು ಮಧ್ಯಮ, ಅರುವತ್ತು ವರ್ಷದ್ದು ಅಧಮವೆಂದು ರಸಶಾಸ್ತ್ರಜ್ಞರು ಹೇಳಿದ್ದಾರೆ. ಹಳೆಯ ಕಿಟ್ಟದ ದಿಬ್ಬಗಳನ್ನು ಚರಿತ್ರಕಾರರಿಗಿಂತ ಮೊದಲು ಹುಡುಕಿಕೊಂಡು ಹೋದವರು ವೈದ್ಯರೇ ಇರಬೇಕು.

ಈ ಐದು ತಾಲ್ಲೂಕುಗಳ ಸುತ್ತಲೂ ಉತ್ಖನನವಾದ ನೆಲೆಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಅವು ಒಂದು ಬಳೆಯಂತೆ ಕಾಣುತ್ತವೆ. ಆಗ್ನೇಯಕ್ಕೆ, ಕೂಡ್ಲಿಗಿಯ ನೆರೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಶಾಸನವಿರುವ ಬ್ರಹ್ಮಗಿರಿ. ಅಲ್ಲಿ ಮೈಸೂರಿನ ಡಾ. ಎಂ. ಎಚ್. ಕೃಷ್ಣರು ಮೊದಲು ಅಗೆದರು. 1947ರಲ್ಲಿ ಮಾರ್ಟಿಮರ್ ವೀಲರ್ ಪದರ ಪದರವಾಗಿ ಅಗೆದು, ಕಲ್ಲಿನ ಕೊಡಲಿಯ ಜನರ ಮೇಲಿನ ಪದರದಲ್ಲಿ ಕಬ್ಬಿಣ ಬಳಸುವ ಬೃಹತ್ ಶಿಲಾಸಮಾಧಿಯ ಜನರನ್ನು ಕಂಡನು. ಇವರು ಬಂದದ್ದು ಕ್ರಿ.ಪೂ. 200ರ ಸುಮಾರಿಗೆ ಎಂದು ಅವನು ಎಣಿಸಿದನು. ಈ ಎಣಿಕೆ ಬಹುಕಾಲ ನಿಲ್ಲಲಿಲ್ಲ. ಪಶ್ಚಿಮಕ್ಕೆ, ತುಂಗಭದ್ರೆಯ ದಂಡೆಯಲ್ಲಿ ಹಿರೇಕೆರೂರು ಸೀಮೆಯ ಹಳ್ಳೂರನ್ನು 1965ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ಅಗೆದಾಗ, ನೂತನ ಶಿಲಾಯುಗವು ಮುಗಿದು ಕಬ್ಬಿಣವು ಕಾಲಿಡುವ ಪದರದಲ್ಲಿಯೇ ಕಬ್ಬಿಣದ ಬಾಣದ ಮೊನೆಗಳು ದೊರೆತವು. ಅಲ್ಲಿಯ ಇದ್ದಿಲನ್ನು ವಿಕಿರಣ ಇಂಗಾಲದ ಪರೀಕ್ಷೆಗೆ ಒಳಪಡಿಸಿದಾಗ ಕ್ರಿ.ಪೂ. 1000ದ ಸುಮಾರಿನ ಕಾಲ ಬಂತು. ಒಂದು ಹಿಡಿ ಇದ್ದಿಲು ದಕ್ಷಿಣದ ಕಬ್ಬಿಣದ ಚರಿತ್ರೆಯನ್ನು ಎಂಟುನೂರು ವರ್ಷ ಹಿಂದಕ್ಕೆ ಒಯ್ದಿತು! ನೈಋತ್ಯಕ್ಕೆ, ಹರಿಹರ ತಾಲ್ಲೂಕಿನ ಕೊಮಾರನಹಳ್ಳಿಯ ಮಾದರಿಗಳನ್ನು ಉಷ್ಣದೀಪ್ತಿಯ ವಿಧಾನದಿಂದ ಪರೀಕ್ಷಿಸಿದಾಗ ಕಾಲವು ಇನ್ನೂ ಹಿಂದಕ್ಕೆ, ಕ್ರಿ.ಪೂ. ಎರಡನೆಯ ಸಹಸ್ರಮಾನದ ಉತ್ತರಾರ್ಧಕ್ಕೆ ಸರಿಯಿತು. ಉತ್ತರಕ್ಕೆ, ಆನೆಗೊಂದಿಯ ನೆರೆಯ ಕಡೇಬಾಕಲೆಯಲ್ಲಿ 2003ರಿಂದ ಕರ್ನಾಟಕದ ಪುರಾತತ್ತ್ವ ಇಲಾಖೆಯು ವಿದೇಶದ ವಿದ್ವಾಂಸರೊಡನೆ ನಡೆಸಿದ ಉತ್ಖನನದಲ್ಲಿಯೂ ಕಬ್ಬಿಣಯುಗದ ದೊಡ್ಡ ಊರೊಂದು ಬೆಳಕಿಗೆ ಬಂದಿತು.

ಉಳಿದದ್ದು ದಕ್ಷಿಣ ದಿಕ್ಕು. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನಲ್ಲಿ ಗಟ್ಟಿಹೊಸಹಳ್ಳಿಯೆಂಬ ಊರಿದೆ. ಅಲ್ಲಿಯ ದಿಬ್ಬದಲ್ಲಿ ದೊರೆತದ್ದು ಬರಿಯ ಕಿಟ್ಟವಲ್ಲ, ಉಕ್ಕನ್ನು ಬೇಯಿಸಿದ ಮೂಸೆಗಳ ಚೂರುಗಳು. 1970ರಲ್ಲಿ ಕೆ. ಎನ್. ಪಿ. ರಾವ್ ಮತ್ತು ಅವರ ಸಂಗಡಿಗರು, 1999ರಲ್ಲಿ ಅನಂತರಾಮು, ಪಾಲ್ ಕ್ರ್ಯಾಡಕ್ ಮೊದಲಾದವರು ಇವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷಿಸಿ ಬರೆದ ಪ್ರಬಂಧಗಳು ಪ್ರಪಂಚದ ಲೋಹವಿದ್ಯೆಯ ಚರಿತ್ರಕಾರರಿಗೆಲ್ಲ ಪರಿಚಿತವಾಗಿವೆ. ಮೂಸೆಯ ಜೇಡಿಗೆ ಬತ್ತದ ಹೊಟ್ಟನ್ನು ಕಲಸುತ್ತಿದ್ದರು. ಬೆಂಕಿಯಲ್ಲಿ ಹೊಟ್ಟು ಕರಿಕಾಗಿ ಮೂಸೆಯ ಮೈ ಕಪ್ಪಾಗುತ್ತಿತ್ತು, ಕಾವಿಗೆ ಬಿರಿಯದಂತೆ ಬಲಗೊಳ್ಳುತ್ತಿತ್ತು. ಇದರೊಳಗೆ ಹಳ್ಳಿಯ ಕುಲುಮೆಯ ಮೆದು ಕಬ್ಬಿಣದ ತುಂಡನ್ನು ಸಸ್ಯದ ತುಣುಕುಗಳೊಡನೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ಗಂಟೆಗಟ್ಟಲೆ ಊದುತ್ತಿದ್ದರು. ಬುಕಾನನ್ ಕಂಡ ಕಡೆ ಆ ತುಣುಕುಗಳು ತಂಗಡಿಯ ಕಡ್ಡಿ ಮತ್ತು ಎರಡು ಹಸಿರೆಲೆ. ಸೊಪ್ಪುಕಡ್ಡಿಯ ಇಂಗಾಲವು ಕಬ್ಬಿಣವನ್ನು ಹೊಕ್ಕಾಗ ಅದು ಕಡಮೆ ಉಷ್ಣದಲ್ಲಿಯೇ ಕರಗಿ ಉಕ್ಕಾಗುತ್ತಿತ್ತು. ತಂಗಡಿಯು ಈ ಐದು ತಾಲ್ಲೂಕುಗಳ ಯಾವ ಬದುವಿನ ಮೇಲೂ ಹಳದಿ ಹೂವಿನೊಡನೆ ನಿಂತಿರುವ ಗಿಡ. ಅಂತಹ ಗಿಡದ ಕಡ್ಡಿಯೊಂದು ಯೂರೋಪಿನ ರಸಾಯನಜ್ಞರನ್ನು ದಶಕಗಳ ಕಾಲ ತಲೆಕೆಡಿಸಿಕೊಳ್ಳುವಂತೆ ಮಾಡಿದ ಉಕ್ಕಿನ ಹಿಂದಿತ್ತೆಂದು ಈಗಿನ ಹುಡುಗರು ತಿಳಿದಿರುವುದು ಒಳ್ಳೆಯದು.

ಹೀಗೆ ಸುತ್ತಲೂ ಕಬ್ಬಿಣದ ನೆಲೆಗಳು, ಎರಡು ಮಗ್ಗುಲಲ್ಲಿ ಅದಿರಿನ ಬೆಟ್ಟಗಳು. ಇವುಗಳ ನಡುವಿನ ಸೀಮೆಯಲ್ಲಿ ಕಬ್ಬಿಣ ಎಷ್ಟು ಬಳಕೆಯಾಗಿತ್ತೆಂಬುದಕ್ಕೆ ದೇವಾಲಯಗಳೇ ಪ್ರಮಾಣ. ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ, ಅಂಬಳಿಯ ಕಲ್ಲೇಶ್ವರ, ಮಾಗಳ ಮತ್ತು ಹೂವಿನಹಡಗಲಿಯ ಗುಡಿಗಳು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಕ್ಕೆ ಹೆಸರಾದವು. ಕುರುವತ್ತಿಯ ಮದನಿಕೆಯರ ಬೆರಳ ತುದಿಯನ್ನೂ ಬಳ್ಳಿಯ ಸುರುಳಿಯನ್ನೂ ಕಂಡು ಬೆರಗಾಗುವವರು ಶಿಲ್ಪಿಯ ಕೈಯಲ್ಲಿದ್ದ ಉಳಿಯನ್ನು ನೆನೆಯುವುದಿಲ್ಲ. ಉಳಿಯ ಮೊನೆ ಕಲ್ಲಿಗೆ ತಾಗಿ ದಿನವೂ ಮೊಂಡಾಗುತ್ತದೆ. ದಿನವೂ ಅದನ್ನು ಕಾಯಿಸಿ, ಚೂಪು ಮಾಡಿ, ಹದಕ್ಕೆ ನೀರಿಗದ್ದಬೇಕು. ಗುಡಿ ಕಟ್ಟಿದಷ್ಟು ವರ್ಷವೂ ಗುಡಿಯ ಬಗಲಲ್ಲಿ ಒಂದು ಕುಲುಮೆ ಉರಿಯುತ್ತಲೇ ಇದ್ದಿರಬೇಕು. ಬಾಗಳಿಯಲ್ಲಿ ಹತ್ತನೆಯ ಶತಮಾನದ ಕೊನೆಯಿಂದ ಮೊದಲಾಗುವ ಶಾಸನಗಳು ಸಾಲುಗಟ್ಟಿ ನಿಂತಿವೆ. ಅರಸನು, ದಾನಿಯು, ದಾನ ಪಡೆದ ಆಚಾರ್ಯನು, ಭೂಮಿಯ ಎಲ್ಲೆ ಎಲ್ಲವೂ ಅವುಗಳಲ್ಲಿ ಉಂಟು. ತಿದಿಯೊತ್ತಿದವನಿಗೆ ಶಾಸನ ಬರೆಸುವ ಶಕ್ತಿಯಿರಲಿಲ್ಲ. ಅವನು ಬಿಟ್ಟುಹೋದದ್ದು ಕಿಟ್ಟವನ್ನು ಮಾತ್ರ.

ಕಾಯಕಕ್ಕೂ ಕುಲಕ್ಕೂ ಇರುವ ಸಂಬಂಧವನ್ನು ಹೇಳುವ ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲಿ ಮಡಿವಾಳ, ನೇಕಾರ ಮುಂತಾದವರೆಲ್ಲ ಬರುತ್ತಾರೆ. ಎಲ್ಲರಿಗಿಂತ ಮೊದಲು ಬರುವವನು ಕಮ್ಮಾರ. ಇದು ಆಕಸ್ಮಿಕವೆನ್ನಲಾಗದು. ಒಕ್ಕಲಿಗನ ಕುಳ, ಕುಂಟೆಯ ಕುಡ, ಬಂಡಿಯ ಹಳಿ, ಬಡಗಿಯ ಬಾಚಿ, ಸಮಗಾರನ ಅರಿಗತ್ತಿ, ಕಲ್ಲುಕುಟಿಗನ ಉಳಿ ಇವೆಲ್ಲವೂ ಕಮ್ಮಾರನ ಕೈಯಿಂದಲೇ ಬರಬೇಕು. ಕೊಟ್ಟೂರು, ಹರಪನಹಳ್ಳಿ ಸೀಮೆಯ ಎರೆಭೂಮಿಯನ್ನು ಕಬ್ಬಿಣದ ಕುಡವಿಲ್ಲದೆ ಹಸನುಮಾಡುವುದು ಸಾಧ್ಯವಿಲ್ಲ. ಆದ್ದರಿಂದಲೇ ಹಳ್ಳಿಯ ಆಯಗಾರರಲ್ಲಿ ಕಮ್ಮಾರನಿಗೆ ಸ್ಥಾನವಿತ್ತು. ಸುಗ್ಗಿಯಲ್ಲಿ ಕಣದ ಮೇಲೆಯೇ ಅವನ ಪಾಲಿನ ಕಾಳನ್ನು ಅಳೆದು ಕೊಡುತ್ತಿದ್ದರು. ಮೈಲಾರದ ಜಾತ್ರೆಯಲ್ಲಿ ಕಬ್ಬಿಣದ ಸರಪಳಿಯನ್ನು ಹರಿಯುವ ಪವಾಡವು ಪ್ರತಿವರ್ಷ ನಡೆಯುತ್ತದೆ. ದೇವರ ಮಹಿಮೆಯನ್ನು ತೋರಲು ಜನ ಆರಿಸಿಕೊಂಡದ್ದು ತಾವು ಬಲ್ಲ ವಸ್ತುಗಳಲ್ಲಿ ಅತ್ಯಂತ ಗಟ್ಟಿಯಾದುದನ್ನು.

ಈ ಕಸುಬು ಅಳಿದ ಕಥೆ ದೀರ್ಘವಾದುದಲ್ಲ. 1800ರಲ್ಲಿ ಬಳ್ಳಾರಿ ಸೀಮೆಯು ನಿಜಾಮನಿಂದ ಕಂಪನಿಗೆ ಬಂದಿತು. ಪಾಳೆಯಗಾರರ ಸೈನ್ಯಗಳು ಚದುರಿದುವು. ಆಯುಧಗಳ ಬೇಡಿಕೆ ನಿಂತಿತು. ಶತಮಾನದ ನಡುವಿನಿಂದ ಬ್ರಿಟನ್ನಿನ ಊದುಕುಲುಮೆಗಳ ಅಗ್ಗದ ಕಬ್ಬಿಣ ಹಡಗಿನಲ್ಲಿ ಬಂದು, 1870ರ ದಶಕದ ಆರಂಭದಲ್ಲಿ ಬಳ್ಳಾರಿಗೆ ಬಂದ ರೈಲಿನಲ್ಲಿ ಒಳನಾಡನ್ನು ಹೊಕ್ಕಿತು. 1876–78ರ ಧಾತು ಸಂವತ್ಸರದ ಘೋರ ಬರವು ಈ ಜಿಲ್ಲೆಯ ಹಳ್ಳಿಗಳನ್ನು ಬರಿದು ಮಾಡಿತು. 1882ರ ಮದರಾಸು ಅರಣ್ಯ ಕಾಯಿದೆಯ ಬಳಿಕ ಇದ್ದಿಲಿಗಾಗಿ ಕಾಡು ಕಡಿಯುವುದು ಮೊದಲಿನಂತೆ ಸುಲಭವಾಗಲಿಲ್ಲ. ಈ ಕೊನೆಯ ಕಾರಣದಲ್ಲಿ ಸರ್ಕಾರವನ್ನು ಮಾತ್ರ ದೂರುವುದು ನ್ಯಾಯವಲ್ಲ. ಐದಾರು ಮಣ ಕಟ್ಟಿಗೆ ಸುಟ್ಟರೆ ಒಂದು ಮಣ ಇದ್ದಿಲು. ಒಂದು ಮಣ ಕಬ್ಬಿಣಕ್ಕೆ ಹಲವು ಮಣ ಇದ್ದಿಲು. ಕುಲುಮೆಗಳು ಶತಮಾನಗಳ ಕಾಲ ಕಾಡನ್ನು ತಿಂದಿದ್ದವು. ಕೂಡ್ಲಿಗಿಯ ಕುರುಚಲು ಗುಡ್ಡಗಳನ್ನು ನೋಡುವಾಗ ಇದನ್ನೂ ನೆನೆಯಬೇಕು. ಹೊಸಪೇಟೆಯ ಬಳಿಯ ಕಮಲಾಪುರದಲ್ಲಿ ಕಬ್ಬಿನ ಹಾಲು ಕಾಯಿಸುವ ಅಗಲವಾದ ಕಬ್ಬಿಣದ ಕೊಪ್ಪರಿಗೆಗಳನ್ನು ಮಾಡುವ ಕೆಲಸ ಉಳಿದ ಕಡೆಗಳಿಗಿಂತ ಹೆಚ್ಚು ಕಾಲ ನಡೆಯಿತು. ಮೊದಲು ಅದಕ್ಕೆ ಜಂಬುನಾಥ ಬೆಟ್ಟದ ಅದಿರಿನ ಕಬ್ಬಿಣವಿತ್ತು. ಇಪ್ಪತ್ತನೆಯ ಶತಮಾನ ಆರಂಭವಾಗುವ ಹೊತ್ತಿಗೆ ಕೈ ಮಾತ್ರ ಊರಿನದು, ಕಬ್ಬಿಣ ವಿಲಾಯಿತಿಯದು ಎಂಬ ಸ್ಥಿತಿಗೆ ಬಂದಿತು.

ಅದಿರು ಮಾತ್ರ ಬೆಟ್ಟದಲ್ಲಿಯೇ ಇತ್ತು. 1971ರಲ್ಲಿ ತೋರಣಗಲ್ಲಿನ ಬಳಿ ಪ್ರಧಾನಿ ಇಂದಿರಾ ಗಾಂಧಿಯವರು ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲನ್ನಿಟ್ಟರು. ಕೊನೆಗೆ ಅಲ್ಲಿ ಉಕ್ಕು ತಯಾರಾಗಲು ಮತ್ತೆ ಎರಡು ದಶಕಗಳ ಮೇಲೆ ಹಿಡಿಯಿತು. ದೋಣಿಮಲೆಯ ಗಣಿಯು 1970ರ ದಶಕದಲ್ಲಿ ಮೊದಲಾಯಿತು. ಹೊಸ ಶತಮಾನದ ಮೊದಲ ದಶಕದಲ್ಲಿ ಹೊರದೇಶದ ಬೇಡಿಕೆ ಏರಿದಾಗ ಸಂಡೂರಿನ ಬೆಟ್ಟಗಳಿಗೆ ಒದಗಿದ ಗತಿಯನ್ನು ಈ ಸೀಮೆಯ ರಸ್ತೆಗಳೆಲ್ಲ ಕೆಂಪು ಧೂಳಿನ ರೂಪದಲ್ಲಿ ಕಂಡಿವೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಬೇಕಾಯಿತು. ಹಳ್ಳಿಯ ಕುಲುಮೆಯೊಂದು ಒಂದು ಹಂಗಾಮಿನಲ್ಲಿ ತಿನ್ನುತ್ತಿದ್ದ ಅದಿರು ಈಗಿನ ಒಂದು ಲಾರಿಯನ್ನೂ ತುಂಬಲಾರದು. ಬೆಟ್ಟ ಅಗೆಯುವಾಗ ಬೆಟ್ಟದ ಬುಡದ ಹಳೆಯ ಗುಣಿಗಳೂ ಕುಲುಮೆಯ ನೆಲೆಗಳೂ ಲೆಕ್ಕಕ್ಕೆ ಬರದೆ ಹೋಗುತ್ತವೆ. ಬಯಲಿನಲ್ಲಿ ಅಪಾಯ ಬೇರೆ ಬಗೆಯದು. ಹೊಲವನ್ನು ಯಂತ್ರದಿಂದ ಸಮಮಾಡುವಾಗ ದಿಬ್ಬ ಹರಡಿಹೋಗುತ್ತದೆ; ಕಿಟ್ಟವು ಗಟ್ಟಿಯಾದ ವಸ್ತುವಾದುದರಿಂದ ಬಂಡಿದಾರಿಯ ಗುಂಡಿಗೂ ಮನೆಯ ತಳಪಾಯಕ್ಕೂ ಹೋಗುತ್ತದೆ. ಸಂರಕ್ಷಿತವೆಂದು ಘೋಷಿಸಿದ ಸ್ಮಾರಕವನ್ನು 1961ರ ಕರ್ನಾಟಕದ ಕಾಯಿದೆ ಕಾಯುತ್ತದೆ. ಊರ ಹೊರಗಿನ ಕಿಟ್ಟದ ದಿಬ್ಬವನ್ನು ಸ್ಮಾರಕವೆಂದು ಯಾರು ಘೋಷಿಸುತ್ತಾರೆ?

ದಿಬ್ಬವು ಕದಲದೆ ಇರುವಾಗ ಅದರಿಂದ ತಿಳಿಯುವುದು ಬಹಳ. ಕಿಟ್ಟದ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಇದ್ದಿಲಿನ ಚೂರು ಕಡಲೆಕಾಳಿನಷ್ಟಿದ್ದರೂ ಈಗಿನ ವಿಕಿರಣ ಇಂಗಾಲದ ಪರೀಕ್ಷೆಗೆ ಸಾಕು. ಅದು ಯಾವ ಮರದ್ದೆಂಬುದನ್ನು ಸೂಕ್ಷ್ಮದರ್ಶಕ ಹೇಳುತ್ತದೆ. ಕುಲುಮೆಯ ಸುಟ್ಟ ಗೋಡೆಯು ಕೊನೆಯ ಬಾರಿ ಕಾದದ್ದು ಯಾವಾಗ ಎಂಬುದನ್ನು ಉಷ್ಣದೀಪ್ತಿಯಿಂದ ಅಳೆಯಬಹುದು. ದಿಬ್ಬದ ಗಾತ್ರದಿಂದ ಎಷ್ಟು ಕಬ್ಬಿಣ ಹೊರಟಿತೆಂದು ಅಂದಾಜು ಮಾಡಬಹುದು. ಗಡ್ಡೆಗಳನ್ನು ಆರಿಸಿ ಶಾಲೆಯ ಕಪಾಟಿನಲ್ಲಿ ಸಾಲಾಗಿ ಇಟ್ಟರೆ ನೋಡಲು ಚೆನ್ನಾಗಿರುತ್ತದೆ, ಆದರೆ ಈ ಪ್ರಶ್ನೆಗಳಲ್ಲಿ ಬಹುಪಾಲಿಗೆ ಉತ್ತರ ಹೋಗಿಬಿಟ್ಟಿರುತ್ತದೆ. ಆದುದರಿಂದ ಹೊಲದಲ್ಲಿಯೋ ಹಳ್ಳದ ದಂಡೆಯಲ್ಲಿಯೋ ಇಂತಹ ಗಡ್ಡೆಗಳನ್ನು ಕಂಡ ವಿದ್ಯಾರ್ಥಿಯು ಅಗೆಯದೆ, ಕದಲಿಸದೆ, ಊರಿನ ಹೆಸರು, ಹೊಲದ ಸರ್ವೆ ನಂಬರು, ದಿಬ್ಬದ ಉದ್ದಗಲ, ಹತ್ತಿರದ ಹಳ್ಳ ಅಥವಾ ಗುಡ್ಡಕ್ಕಿರುವ ದೂರ ಇವನ್ನು ಬರೆದುಕೊಂಡು, ಗಡ್ಡೆಯ ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಒಂದು ಚಿತ್ರ ತೆಗೆಯಬೇಕು. ಆ ಜಾಗಕ್ಕೆ ಊರವರು ಇಟ್ಟಿರುವ ಹೆಸರನ್ನು ಹಿರಿಯರಿಂದ ಕೇಳಿ ಬರೆಯುವುದನ್ನು ಮರೆಯಬಾರದು. ಕಿಟ್ಟ, ಕುಲುಮೆ, ಕಮ್ಮಾರ ಎಂಬ ಮಾತುಗಳು ಹೊಲದ ಹೆಸರಿನಲ್ಲಿ ಉಳಿದಿರುವುದುಂಟು. ಈ ಹಾಳೆಯನ್ನು ಇತಿಹಾಸದ ಅಧ್ಯಾಪಕರ ಮೂಲಕ ಪುರಾತತ್ತ್ವ ಇಲಾಖೆಗೆ ತಲುಪಿಸಬೇಕು. ಹೊಸಪೇಟೆಗೆ ಹೋದವರು ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿಯೂ ವಿಚಾರಿಸಬಹುದು.